ಕೂಗಿದ ಹಿಟ್ಟಿನ ಹುಂಜ

ಗಂಡ, ಹೆಂಡತಿ, ಪ್ರಿಯಕರ, ಒಂದು ಕೊಲೆ... ಫ್ರೆಂಚ್ ಸಿನಿಮಾದವರಿಗೆ ಬಲು ಇಷ್ಟದ ಕತೆ. ಮಾರ್ಸೆಲ್ ಕಾರ್ನೆಯ 'ತೆರೇಸ್ ರಕ್ಯಾಂ' (1953) ಚಿತ್ರದಲ್ಲಿ ಪ್ರಿಯಕರ ಗಂಡನನ್ನು ಓಡುವ ರೈಲಿನಿಂದ ತಳ್ಳುತ್ತಾನೆ. ನಮ್ಮ ಜನ್ನ ಇಂಥದ್ದೇ ಕತೆಯನ್ನು 1209ರಲ್ಲೇ 'ಯಶೋಧರ ಚರಿತೆ'ಯಲ್ಲಿ ಹೇಳಿದ್ದ.

ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಸೋತು ಕುರೂಪಿ ಮಾವುತನೊಬ್ಬನ ಬಳಿ ಹೋಗುತ್ತಾಳೆ. ರಾಜ ಯಶೋಧರ ಕಣ್ಣಾರೆ ಕಂಡು ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ತಾಯಿಗೆ ಮಾತ್ರ 'ಕೆಟ್ಟ ಕನಸು ಬಿತ್ತು' ಅಂತ ಸುಳ್ಳು ಹೇಳುತ್ತಾನೆ. ಹಾಗಾದರೆ ದೇವಿಗೆ ಬಲಿ ಕೊಡು ಅನ್ನುತ್ತಾಳೆ ತಾಯಿ. ಮಗ ಹಿಂಸೆಗೆ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜ ಮಾಡಿ ಕಡಿದರೆ, ಅದು ಕೂಗಿಬಿಡುತ್ತದೆ! ಆಮೇಲೆ ರಾಣಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ.

ಸಿನಿಮಾದಲ್ಲಾದರೆ ಇನ್ನು ಕೊಲೆಗಾರರ ಸರದಿ. ಜನ್ನ ಸತ್ತವರ ಬೆನ್ನು ಹತ್ತುತ್ತಾನೆ. ತಾಯಿ-ಮಗ ನವಿಲು, ನಾಯಿ ಅಂತ ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಯಾಕೆ ಗೊತ್ತಾ? ಕಡಿದದ್ದು ಹಿಟ್ಟೇ ಆದರೂ, ಮನಸ್ಸಿನಲ್ಲಿದ್ದದ್ದು ಕೊಲ್ಲುವ ಸಂಕಲ್ಪ.

ಇದಕ್ಕೆ ಕೆಲವೇ ದಶಕ ಮೊದಲು, ಕೂಡಲಸಂಗಮದೇವನ ಅಂಕಿತದಲ್ಲಿ ಬಸವಣ್ಣನವರೂ ಹರಕೆಯ ಕುರಿಗಾಗಿ ಮರುಗಿದ್ದರು. ಧರ್ಮ ಬೇರೆ, ಸಂಕಟ ಒಂದೇ.

ಆದರೂ ಯಶೋಧರನಿಗೆ ಸಿಕ್ಕ ಶಿಕ್ಷೆ ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ. ಅವ್ವನ ಮುಂದೆ ನಿಜ ಹೇಳಿದ್ದರೆ ಹುಂಜವೇ ಬೇಕಿರಲಿಲ್ಲವಲ್ಲ! ನೀವೇನಂತೀರಿ?