ಅಡ್ಡಹೆಸರು ನಮ್ಮದೇ, ಹಕ್ಕು ಯಾರದು? 'ಕಿರ್ಲೋಸ್ಕರ್' ಕಥೆ

"ನಮ್ಮ ಮನೆತನದ ಹೆಸರನ್ನ ನಮ್ಮ ಅಂಗಡಿಗೆ ಇಟ್ಟರೆ ಕೇಳೋರು ಯಾರು?" ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಕಿರ್ಲೋಸ್ಕರ್ ಹೆಸರಿನ ಇತಿಹಾಸ ಓದೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ.

ಪುಣೆಯಲ್ಲಿರೋ ನಮಗೆ ಕಿರ್ಲೋಸ್ಕರ್ ಅಂದ್ರೆ ಪಂಪು, ಇಂಜಿನ್ನು. ಆದರೆ ಅದಕ್ಕೂ ಮೊದಲು ಅದು ನಾಟಕದವರ ಹೆಸರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ಅದೇ ಊರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕೊಟ್ಟ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. 1941ರಲ್ಲಿ ಹರಿಹರ, 1946ರಲ್ಲಿ ಬೆಂಗಳೂರು. ಹೀಗೆ ಹೆಸರು ಮತ್ತೆ ಕನ್ನಡ ನೆಲಕ್ಕೂ ಬಂತು.

ಈಗ ಕಾನೂನು ನೋಡೋಣ. 1958ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಬರೀ ಅಡ್ಡಹೆಸರನ್ನ ಸುಲಭಕ್ಕೆ ನೋಂದಾಯಿಸೋ ಹಾಗಿರಲಿಲ್ಲ. ಕಾರಣ ಸರಳ. ಪಾಟೀಲ, ಕುಲಕರ್ಣಿ ಅನ್ನೋದನ್ನ ಒಬ್ಬರಿಗೇ ಬರೆದುಕೊಟ್ಟರೆ ಉಳಿದವರ ಗತಿಯೇನು? ಹೆಸರು ಕೇಳಿದ ಕೂಡಲೇ ಜನಕ್ಕೆ ಇಂಥವರದೇ ಸರಕು ಅಂತ ಗೊತ್ತಾಗ್ತದೆ ಅನ್ನೋದಕ್ಕೆ ಪುರಾವೆ ಕೊಡಬೇಕಿತ್ತು. ಅಂದ್ರೆ ಆ ಹೆಸರಲ್ಲಿ ಹುಟ್ಟಿದರೆ ಸಾಲದು, ವರ್ಷಗಟ್ಟಲೆ ದುಡಿದು ಅದನ್ನ ಸಂಪಾದಿಸಬೇಕು.

ಕಿರ್ಲೋಸ್ಕರ್ ಸಮೂಹ ತನ್ನ ಗುರುತುಗಳನ್ನ ಕಿರ್ಲೋಸ್ಕರ್ ಪ್ರೊಪ್ರೈಟರಿ ಅನ್ನೋ ಕಂಪನಿಯ ಹೆಸರಲ್ಲಿಟ್ಟಿತು. ಕಿರ್ಲೋಸ್ಕರ್ ಡೀಸೆಲ್ ರೆಕಾನ್ ಅನ್ನೋ ಮತ್ತೊಂದು ಕಂಪನಿ ಅದೇ ಹೆಸರು ಬಳಸಿದಾಗ ಜಗಳ ಬಾಂಬೆ ಹೈಕೋರ್ಟ್‌ವರೆಗೂ ಹೋಯ್ತು. 1995ರಲ್ಲಿ ಕೋರ್ಟು ತಡೆಯಾಜ್ಞೆಯನ್ನ ಎತ್ತಿಹಿಡಿಯಿತು. ಮನುಷ್ಯನಿಗೆ ಹೆಸರು ಹುಟ್ಟಿನಿಂದ ಬರ್ತದೆ, ಕಂಪನಿಗೆ ಹಾಗಲ್ಲ, ಅದಕ್ಕೆ ನಾವೇ ಆರಿಸಿ ಇಡ್ತೀವಿ. ಈ ವ್ಯತ್ಯಾಸ ದೊಡ್ಡದು.

1999ರ ಕಾಯ್ದೆಯಲ್ಲಿ ಅಡ್ಡಹೆಸರಿಗಿದ್ದ ಆ ವಿಶೇಷ ನಿರ್ಬಂಧ ಹೋಯ್ತು. ಆದರೆ 35ನೇ ಕಲಮು ಉಳಿದಿದೆ: ಪ್ರಾಮಾಣಿಕವಾಗಿ ತನ್ನ ಸ್ವಂತ ಹೆಸರು ಬಳಸೋ ವ್ಯಕ್ತಿಯನ್ನ ನೋಂದಣಿ ಮಾಡಿಸಿದವರು ತಡೆಯೋ ಹಾಗಿಲ್ಲ. 'ಪ್ರಾಮಾಣಿಕವಾಗಿ' ಅನ್ನೋ ಮಾತಿನಲ್ಲೇ ಎಲ್ಲ ಇದೆ ನೋಡಿ.

ಅದಕ್ಕೇ ಪುಣೆ, ಮುಂಬೈಗಳಲ್ಲಿ ಮಸಾಲೆ, ಖಾನಾವಳಿ ಶುರು ಮಾಡೋ ನಮ್ಮವರಿಗೆ ನನ್ನದೊಂದು ಮಾತು: ಬೋರ್ಡು ಬರೆಸೋ ಮೊದಲು ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಒಮ್ಮೆ ಹುಡುಕಿ. ಅಜ್ಜನ ಹೆಸರು ನಮಗೆ ಪುಕ್ಕಟೆ ಸಿಗ್ತದೆ, ಆ ಹೆಸರಿನ ಮೇಲೆ ಜನ ಇಡೋ ನಂಬಿಕೆ ಹಾಗೆ ಸಿಗೋದಿಲ್ಲ.