ಪಾನುಂಗಲ್ ಸೀಮೆಯಲ್ಲಿ ನಾಯಿಮರಿಯ ಆಯ್ಕೆ

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಮನೆಗೆ ತಕ್ಕ ನಾಯಿಮರಿ ಯಾವುದೆಂಬ ಪ್ರಶ್ನೆ ಹಿಂದೆ ಅಂದಚೆಂದದ್ದಾಗಿರದೆ ಬಹುಮಟ್ಟಿಗೆ ಕೆಲಸದ್ದಾಗಿತ್ತು. ಹಾನಗಲ್ಲು ಪಾನುಂಗಲ್ ಐನೂರು ಎಂಬ ನಾಡಿನ ಕೇಂದ್ರವಾಗಿ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ 12ನೆಯ ಶತಮಾನದಲ್ಲಿ, ಆ ವಂಶದ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ನಾಯಿಗಳ ಬೇಟೆಗೆ ‘ಸಾರಮೇಯ ವಿನೋದ’ ಎಂಬ ಪ್ರಕರಣವನ್ನೇ ಮೀಸಲಿಟ್ಟಿದೆ; ಸಾರಮೇಯವೆಂದರೆ ನಾಯಿ. ಒಳ್ಳೆಯ ಬೇಟೆನಾಯಿಯ ಬೆಲೆ ಎಷ್ಟಿತ್ತೆಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಮದ್ದೂರು ಸೀಮೆಯ ಆತಕೂರು ಶಾಸನ: 949ರ ತಕ್ಕೋಲ ಯುದ್ಧದಲ್ಲಿ ಮೆರೆದ ಮಣಲೆರನು, ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು; ಅದು ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತ ಮೇಲೆ, ನಾಯಿಯ ನೆನಪಿಗೆ ಕಲ್ಲು ನಿಂತಿತು.

ಅರಮನೆಯ ಹೊರಗೆ ನಾಯಿಯ ಕೆಲಸ ಬೇರೆಯಾಗಿತ್ತು. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಹಿಂಡನ್ನು ರಾತ್ರಿ ಅಲ್ಲೇ ನಿಲ್ಲಿಸುವುದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಬಲೆಯೊಂದನ್ನು ಬಿಟ್ಟರೆ ಬೇರೆ ಬೇಲಿಯಿಲ್ಲದ ಆ ಬಯಲಲ್ಲಿ ತೋಳದ ಸುಳಿವು ಹಿಡಿದು ಬೊಗಳುವ ನಾಯಿಯೇ ಕುರುಬನಿಗೆ ಬೇಕು, ಮೊಲ ಕಂಡೊಡನೆ ಹಿಂಡು ಬಿಟ್ಟೋಡುವ ನಾಯಿಯಲ್ಲ. ಈ ಬದುಕು ಆರಾಧನೆಗೂ ಇಳಿದಿದೆ: ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮೈಲಾರಲಿಂಗನ ಪರಂಪರೆಯಲ್ಲಿ ಕಂಬಳಿ ನಿಲುವಂಗಿಯ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ಹಾಲು, ಬಾಳೆಹಣ್ಣು ಮೊದಲಾದವನ್ನು ಹಾಕಿದ ದೋಣಿಗೆ, ಅಂದರೆ ಮರದ ಭಿಕ್ಷಾಪಾತ್ರೆಗೆ, ಬೊಗಳುತ್ತಾ ಬಾಯಿ ಹಾಕಿ ತಿನ್ನುತ್ತಾರೆ.

ಉದ್ದ ಮೂತಿಯ, ಆಳವಾದ ಎದೆಯ, ಒಳಸೇರಿದ ಹೊಟ್ಟೆಯ ಬೇಟೆನಾಯಿಗೆ ಊರಿನ ಹೆಸರು ಬಂದದ್ದು ಬಹಳ ತಡವಾಗಿ. ಬೇಡರ ಬಳಿಯಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಸಾಕಿ ಬೆಳೆಸಿ, ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತ ಮೇಲೆ ಅದು ಮುಧೋಳ ನಾಯಿಯಾಯಿತು. ಕಾರವಾನಿ ಎಂಬ ಹೆಸರೂ ಉಳಿದುಕೊಂಡಿತು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಗೆ ಕಡಿವಾಣ ಬಿದ್ದು ಅದರ ಮೂಲ ಕಸುಬು ತಪ್ಪಿದರೂ, ವಿಚಿತ್ರವೆಂದರೆ, ಗೌರವ ಏರುತ್ತಲೇ ಹೋಯಿತು: 2005ರಲ್ಲಿ ಅಂಚೆಚೀಟಿ ಹೊರಬಂದಿತು, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ತಲೆಯೆತ್ತಿತು, ಸೇನೆಯೂ ಈ ತಳಿಗೆ ತರಬೇತಿ ಕೊಡತೊಡಗಿತು.

ಈ ಕೀರ್ತಿಗೆ ಮರುಳಾಗಿ ಮರಿ ತರುವ ಕುಟುಂಬಗಳು ಒಂದನ್ನು ಮರೆಯುವುದುಂಟು. ಮುಧೋಳ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನೆಚ್ಚಿ ಬೇಟೆಯನ್ನು ಅಟ್ಟುವ ತಳಿ. ದಿನವೂ ಓಡಲು ಬಯಲು ಸಿಗದಿದ್ದರೆ ಅದು ಕೆರಳುತ್ತದೆ, ಮನೆಯ ಕೋಳಿ, ಬೆಕ್ಕುಗಳೂ ಅದರ ಕಣ್ಣಿಗೆ ಬೇಟೆಯಾಗಿಯೇ ಕಾಣಬಹುದು. ಹೊಲದ ಮನೆಯವರಿಗೆ ಇದು ಒಪ್ಪೀತು. ಸವಣೂರಿನ ಇಕ್ಕಟ್ಟಿನ ಓಣಿಯ ಮನೆಗಾದರೆ, ತಾಯಿಯನ್ನು ಕಣ್ಣಾರೆ ನೋಡಿ, ಎಂಟು ವಾರ ಹಾಲು ಕುಡಿದ ಮೇಲೆ ತಂದ ಊರ ನಾಯಿಯ ಮರಿಯೇ ವಾಸಿ.