ಕಲ್ಲುಧೂಳು ಮತ್ತು ಉಸಿರು: ಕರ್ನಾಟಕದ ಶ್ರಮಚರಿತ್ರೆಯ ಒಂದು ಮರೆತ ಪುಟ

ಕರ್ನಾಟಕದ ಶಿಲ್ಪ ಹಾಗೂ ವಾಸ್ತುವನ್ನು ಕುರಿತು ವಿಪುಲವಾದ ಸಂಶೋಧನೆ ನಡೆದಿದೆ. ಆದರೆ ಕಲ್ಲನ್ನು ಸೀಳಿದವರ, ಕೆತ್ತಿದವರ ದೇಹದ ಮೇಲೆ ಆ ಕೆಲಸ ಉಂಟುಮಾಡಿದ ಪರಿಣಾಮ ಚರಿತ್ರೆಯ ವಸ್ತುವಾದದ್ದು ವಿರಳ. ಈ ಕೊರತೆಯತ್ತ ವಿದ್ವಾಂಸರ ಗಮನ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

ವಿಜಯಪುರ ನಗರದ ಇಬ್ರಾಹಿಂಪುರದ ಹೆಸರು ಆದಿಲಶಾಹಿ ಸುಲ್ತಾನರನ್ನು ನೆನಪಿಸುತ್ತದೆ. 1656ರ ಗೋಳಗುಮ್ಮಟದ ಗೋಡೆಗಳು ಈ ನೆಲದ ಕಪ್ಪುಶಿಲೆಯವು. ಲಾವಾರಸದಿಂದಾದ ಈ ಶಿಲೆಯಲ್ಲಿ ಬೆಣಚು, ಅಂದರೆ ಮುಕ್ತ ಸಿಲಿಕಾ, ಅತ್ಯಲ್ಪ. ದಕ್ಷಿಣಕ್ಕೆ ಸಾಗಿದರೆ ಬಾದಾಮಿಯ ಮರಳುಗಲ್ಲು ಬಹುಪಾಲು ಬೆಣಚಿನಿಂದಲೇ ಆದದ್ದು. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿಯೂ ಅದು ಗಣನೀಯ ಪ್ರಮಾಣದಲ್ಲಿದೆ. ಹೀಗೆ ಒಂದೇ ಉಳಿ, ಒಂದೇ ಸುತ್ತಿಗೆಯಿಂದ ದುಡಿದರೂ ಕೆಲಸಗಾರನ ಅಪಾಯ ಅವನ ಊರಿನ ಶಿಲೆಯೊಡನೆ ಬದಲಾಗುತ್ತದೆ. ಕಪ್ಪುಶಿಲೆಯ ಧೂಳು ನಿರಪಾಯಕಾರಿಯೆಂದು ಇದರ ಅರ್ಥವಲ್ಲ. ಯಾವುದೇ ಧೂಳನ್ನು ವರ್ಷಗಟ್ಟಲೆ ಸೇವಿಸಿದರೆ ಕೆಮ್ಮು, ಕಫ, ಉಬ್ಬಸ ತಪ್ಪಿದ್ದಲ್ಲ.

ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಕಾಣದಷ್ಟು ಸೂಕ್ಷ್ಮವಾದ ಕಣಗಳು ಮಾತ್ರ ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪುತ್ತವೆ. ಅವನ್ನು ನುಂಗಿದ ರಕ್ಷಕಕೋಶಗಳು ತಾವೇ ನಾಶವಾಗಿ, ಆ ಜಾಗ ಗಂಟುಗಟ್ಟಿ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲಿ ಪ್ರಕಟಿಸಿದ ಕಸುಬುಗಳ ರೋಗಗಳನ್ನು ಕುರಿತ ಗ್ರಂಥದಲ್ಲಿಯೇ ಕಲ್ಲುಕುಟಿಗರ ವ್ಯಾಧಿಯ ಪ್ರಸ್ತಾಪವಿದೆ.

ಕರ್ನಾಟಕದಲ್ಲಿ ಈ ರೋಗದ ದಾಖಲೆ ಸ್ಪಷ್ಟವಾಗಿ ದೊರೆಯುವುದು ಕೋಲಾರದ ಚಿನ್ನದ ಗಣಿಗಳಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿರಿಸಿತು. ಅಲ್ಲಿನ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿದ್ದುದರಿಂದ ಚಿನ್ನವನ್ನು ಅರಸಿದವರು ಬೆಣಚಿನ ಧೂಳನ್ನೇ ಉಸಿರಾಡಬೇಕಾಯಿತು. ಗಾಳಿಯ ಒತ್ತಡದಿಂದ ನಡೆಯುವ ಬೈರಿಗೆಗಳು ಬಂದ ಮೇಲೆ ಉತ್ಪಾದನೆಯೊಂದಿಗೆ ಧೂಳೂ ಹೆಚ್ಚಿತು. 1940ರ ದಶಕದ ವೈದ್ಯಕೀಯ ಸಮೀಕ್ಷೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿಗಾರರನ್ನು ಪರೀಕ್ಷಿಸಲಾಯಿತು. ಅವರಲ್ಲಿ ನೂರಕ್ಕೆ 40ಕ್ಕೂ ಮಿಕ್ಕಿ ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತು. 1948ರ ಕಾರ್ಖಾನೆ ಕಾಯ್ದೆಯು ಇದನ್ನು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಗಣಿ 2001ರಲ್ಲಿ ಮುಚ್ಚಿತು.

ಕಾಯ್ದೆಯ ಪಟ್ಟಿಗೂ ಜನರ ಮಾತಿಗೂ ಇರುವ ಅಂತರ ಜಾನಪದ ಅಧ್ಯಯನಕ್ಕೆ ಮುಖ್ಯವಾದುದು. ಉತ್ತರ ಕರ್ನಾಟಕದಲ್ಲಿ ಏದುಸಿರಿನ ಬೇನೆಗಳೆಲ್ಲ 'ದಮ್ಮು'. ಸೊರಗಿ ಕೆಮ್ಮುವವನ ರೋಗ 'ಕ್ಷಯ'. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಅಧಿಕವಾದ್ದರಿಂದ ಎರಡರ ಗುರುತು ಸುಲಭವಾಗಿ ಕಲಸಿಹೋಗುತ್ತದೆ. ಕ್ಷಯವೆಂದು ಬರೆದ ಚೀಟಿ ರೋಗಿಗೆ ಗುಳಿಗೆಯನ್ನು ಕೊಡಿಸೀತು. ಕಸುಬಿನಿಂದ ಬಂದ ರೋಗಕ್ಕೆ ಸಲ್ಲಬೇಕಾದ ಪರಿಹಾರವನ್ನು ಕೊಡಿಸದು. ಹಾಜರಿ ಪುಸ್ತಕವಿಲ್ಲದ ಕ್ವಾರಿಯಲ್ಲಿ, ಜಲ್ಲಿಯಂತ್ರದ ಬಳಿ ದುಡಿದವನಿಗಂತೂ ತಾನು ಅಲ್ಲಿ ದುಡಿದೆನೆಂಬುದನ್ನು ಸಾಧಿಸುವುದೇ ದುಸ್ತರ.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದು ಬೀಸುವ ಪದಗಳನ್ನು ನಾಡಿಗೆ ನೀಡಿದರು. ಬೀಸುವವಳ ಹಾಡು ನಮಗೆ ದೊರೆಯಿತು. ಅವಳ ಬೀಸುಕಲ್ಲನ್ನು ಕಡೆದುಕೊಟ್ಟ ಕಲ್ಲೊಡ್ಡರ ಬದುಕಿನ ಕಥನವೂ ಅಷ್ಟೇ ಶ್ರದ್ಧೆಯಿಂದ ಸಂಗ್ರಹವಾಗಬೇಕು. ಯಾವ ಕಲ್ಲು, ಎಷ್ಟು ವರ್ಷ, ನೀರು ಚಿಮುಕಿಸುತ್ತಿದ್ದರೇ, ಉಸಿರು ಕಟ್ಟತೊಡಗಿದ್ದು ಎಂದಿನಿಂದ ಎಂಬ ಪ್ರಶ್ನೆಗಳು ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಸೇರಬೇಕು. ಕೋಲಾರದ ಮಟ್ಟಿಗೆ ತಮಿಳು, ತೆಲುಗು ಮೌಖಿಕ ಆಕರಗಳೂ ಇದಕ್ಕೆ ಅವಶ್ಯ. ಲಿಖಿತ ದಾಖಲೆಯಿಲ್ಲದ ಕೆಲಸಗಾರನ ಪಾಲಿಗೆ ಅವನ ಮಾತೇ ದಾಖಲೆ. ಅದನ್ನು ದಿನಾಂಕ, ಸ್ಥಳ ಸಹಿತ ಬರೆದಿಡುವುದು ಜಾನಪದ ವಿದ್ವಾಂಸರ ಹೊಣೆಯೂ ಹೌದು.